ಪ್ಯಾರಿಷ್ ಎಂಬ ಶಬ್ದ

ಒಬ್ಬ ಪಾದ್ರಿಯ ವಿಚಾರಣೆಗೆ ಸೇರಿದ ಪ್ರದೇಶ, ಅಲ್ಲಿಯ ಕುಟುಂಬಗಳು, ದಾಖಲೆಯ ಪುಸ್ತಕ, ವರುಷದ ವಂತಿಗೆ, ಕಡೆಗೆ ಸಮಾಧಿಯ ಸ್ಥಳ, ಇಷ್ಟೂ 'ಪ್ಯಾರಿಷ್' ಎಂಬ ಇಂಗ್ಲಿಷ್ ಶಬ್ದದಲ್ಲಿ ಅಡಕವಾಗಿವೆ. ನೆಲೆಯೂರಿದವರ ಶಬ್ದವೆಂದೇ ಅದು ತೋರುವದು. ಆದರೆ ಅದರ ಮೂಲವನ್ನು ವಿಚಾರಿಸಿದರೆ ಅರ್ಥವು ತಲೆಕೆಳಗಾಗುತ್ತದೆ.

ಗ್ರೀಕ್ ಭಾಷೆಯಲ್ಲಿ 'ಪರ' ಎಂದರೆ ಬಳಿ. 'ಒಯ್ಕೊಸ್' ಎಂದರೆ ಮನೆ. (ನಮ್ಮ 'ನಿವೇಶನ', 'ಪ್ರವೇಶ'ಗಳ ಧಾತುವೂ ಒಯ್ಕೊಸಿನ ಧಾತುವೂ ಒಂದೇ ಬುಡದವು.) ಊರಿನಲ್ಲಿ ವಾಸವಿದ್ದರೂ ಊರವರ ಹಕ್ಕಿಲ್ಲದ ಪರಸ್ಥಳದವನೇ 'ಪರೊಯ್ಕೊಸ್'. ಬರಗಾಲದಲ್ಲಿ ಅಬ್ರಹಾಮನು ಐಗುಪ್ತಕ್ಕೆ ಇಳಿದುಹೋದ ವೃತ್ತಾಂತವನ್ನು ಗ್ರೀಕಿಗೆ ತಿರುಗಿಸಿದವರು ಈ ಧಾತುವನ್ನೇ ಉಪಯೋಗಿಸಿದರು. ಪೇತ್ರನ ಮೊದಲನೆಯ ಪತ್ರಿಕೆಯು ಕ್ರೈಸ್ತರನ್ನು ಇದೇ ಹೆಸರಿನಿಂದ ಕರೆಯುತ್ತದೆ. ಹೀಗೆ ಪ್ರವಾಸದ ಹೆಸರು ಸಭೆಯ ಹೆಸರಾಗಿ, ಲತೀನು, ಫ್ರೆಂಚುಗಳನ್ನು ದಾಟಿ ಇಂಗ್ಲೆಂಡಿಗೆ ಬಂತು.

ಅಲ್ಲಿ ಅದರ ಗತಿಯೇನಾಯಿತು? 1538ರಲ್ಲಿ ಪ್ರತಿ ಪ್ಯಾರಿಷಿನಲ್ಲೂ ಸ್ನಾನದೀಕ್ಷೆ, ವಿವಾಹ, ಸಮಾಧಿಗಳ ದಾಖಲೆಯಿಡಬೇಕೆಂದು ಆಜ್ಞೆಯಾಯಿತು. 1601ರ ಕಾನೂನು ಬಡವರ ಪೋಷಣೆಯನ್ನು ಅದರ ಮೇಲೆ ಹೊರಿಸಿತು. ಒಳ್ಳೆಯ ಕೆಲಸವೇ. ಆದರೆ ಖರ್ಚು ಬಂದ ಕೂಡಲೇ 'ಇವನು ನಮ್ಮವನೋ?' ಎಂಬ ಪ್ರಶ್ನೆಯೂ ಬಂತು. 1662ರ ಕಾನೂನಿನಂತೆ, ವರುಷಕ್ಕೆ 10 ಪೌಂಡಿಗೆ ಕಡಿಮೆ ಬಾಡಿಗೆಯ ಮನೆಗೆ ಬಂದಿಳಿದ ಹೊಸಬನು ಊರಿಗೆ ಭಾರವಾದಾನೆಂದು ತೋರಿದರೆ, 40 ದಿವಸಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಕ್ಕಟ್ಟಬಹುದಾಗಿತ್ತು. ಅವಿವಾಹಿತೆಯಾದ ಬಡ ಗರ್ಭಿಣಿಯನ್ನು ಹೆರಿಗೆಗೆ ಮುಂಚೆ ಗಡಿ ದಾಟಿಸುತ್ತಿದ್ದುದೂ ಉಂಟು. ಕೂಸು ಹುಟ್ಟಿದ ಪ್ಯಾರಿಷೇ ಅದನ್ನು ಸಾಕಬೇಕಾಗಿತ್ತಷ್ಟೆ! 1697ರ ಶಾಸನವು ಸಹಾಯ ಪಡೆಯುವ ಬಡವರ ತೋಳಿನ ಮೇಲೆ 'ಪಿ' ಎಂಬ ಅಕ್ಷರವನ್ನು ಹೊಲಿಸಿತು. ಪರದೇಶಿಯ ಹೆಸರನ್ನು ಹೊತ್ತ ಸಂಸ್ಥೆಯೇ ಪರದೇಶಿಯನ್ನು ಅಟ್ಟಿತು.

ಮಂಗಳೂರಿನ ಕೊಂಕಣಿ ಕ್ರೈಸ್ತರ 'ಫಿರ್ಗಜ್' ಬೇರೆ ವಂಶದ ಶಬ್ದ. ಪೋರ್ಚುಗೀಸರ ಮೂಲಕ ಬಂದ ಅದರ ಹಿಂದೆ 'ಸಭೆಯ ಮಗನು' ಎಂಬ ಲತೀನ್ ಮಾತಿದೆ. ಅದು ಅಂದವಾದದ್ದು, ಒಪ್ಪುತ್ತೇನೆ. ಆದರೂ ನನ್ನ ಒಲವು ಹಳೆಯ ಗ್ರೀಕ್ ಅರ್ಥದ ಕಡೆಗೇ.

ಕಾರಣವಿಷ್ಟೇ. ಪ್ರಿಯ ಸೋದರಿಯರೇ, ಈ ಶಾಲೆಯಿಂದ ಹೊರಟ ನಮ್ಮಲ್ಲಿ ಬಹುಮಂದಿ ಮದುವೆಯಿಂದಲೋ ಉದ್ಯೋಗದಿಂದಲೋ ಪರಸ್ಥಳದವರಾದವರೇ ಅಲ್ಲವೇ? ಕಂಡರಿಯದ ಊರಿನ ದೇವಾಲಯದಲ್ಲಿ ಕಡೆಯ ಬೆಂಚಿನ ಮೇಲೆ ಕೂತು, ಆರಾಧನೆ ಮುಗಿದ ಮೇಲೆ ಯಾರಾದರೂ ಮಾತಾಡಿಸಿಯಾರೇ ಎಂದು ನಿಂತವಳಿಗೆ ಮೊದಲು ಎದುರಾಗುವ ಪ್ರಶ್ನೆ, 'ನೀವು ಯಾವ ಮನೆತನದವರು?' ಎಂಬದು. ಈ ಪ್ರಶ್ನೆ 1662ರ ಆ ಕಾನೂನಿನ ತಂಗಿಯೆಂದೇ ನನ್ನ ಎಣಿಕೆ. ಹಿರಿಯರು ಸಹಜವಾಗಿ ಕೇಳುವದೆಂದು ಕೆಲವರು ಹೇಳಿಯಾರು. ಹೇಳಲಿ, ಉತ್ತರವು ಹಿಡಿಸದಿದ್ದಾಗ ಮಾತು ಅಲ್ಲಿಗೇ ನಿಲ್ಲುವದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ.

ನಿಮ್ಮ ಊರಿಗೆ ಹೊಸ ಕುಟುಂಬ ಬಂದರೆ, ವಂತಿಗೆಯ ಪುಸ್ತಕ ಅವರ ಮನೆಗೆ ಹೋಗುವದಕ್ಕಿಂತ ಮುಂಚೆ ನೀವು ಹೋಗಿ ಬನ್ನಿರಿ. ಮನೆತನದ ವಿಚಾರ ಆಮೇಲೆ ತಾನಾಗಿ ತಿಳಿಯುವದು.