ಹರಿಗೋಲು, ಗಸ್ತು ನೌಕೆ ಮತ್ತು ಕೈಯ ವಿದ್ಯೆ

ಬೆಳಕವಾಡಿಯಂಥ ಒಳನಾಡಿನ ಊರಿನ ಶಾಲಾ ಸಂಚಿಕೆಯಲ್ಲಿ ನೌಕಾಪಡೆಯ ಗಸ್ತು ಹಡಗುಗಳ ಪ್ರಸ್ತಾಪವೇಕೆ ಎಂಬ ಪ್ರಶ್ನೆ ಸಹಜವಾದುದೇ. ಇಲ್ಲಿಂದ ಸಮುದ್ರ ಬಲು ದೂರ. ಈ ಸೀಮೆಯ ಜನ ಬಲ್ಲ ನೀರು ಕಾವೇರಿಯದು. ಬಲ್ಲ ನೌಕೆ ಹರಿಗೋಲು. ಆದರೂ ಇಂದು ಮುಂದುವರಿದ ದೇಶಗಳ ಹಡಗುಕಟ್ಟೆಗಳಲ್ಲಿ ಇಂಗಾಲದ ನಾರಿನಿಂದ ನಿರ್ಮಾಣವಾಗುತ್ತಿರುವ ನೌಕೆಗೂ ಕಾವೇರಿಯ ಹರಿಗೋಲಿಗೂ ಇರುವ ನಂಟು ಮೇಲ್ನೋಟಕ್ಕೆ ತೋರುವುದಕ್ಕಿಂತ ಹತ್ತಿರದ್ದು. ಆ ನಂಟನ್ನು ಅರಿತರೆ, ವಿದ್ಯಾಸಂಸ್ಥೆಗಳಿಗೆ ಸಲ್ಲುವ ದಾನ ಯಾವುದಕ್ಕೆ ವಿನಿಯೋಗವಾಗಬೇಕೆಂಬ ಪ್ರಶ್ನೆಗೂ ಒಂದು ಉತ್ತರ ದೊರೆಯುತ್ತದೆ.

ಹರಿಗೋಲಿನ ರಚನೆಯನ್ನೇ ನೋಡಬಹುದು. ಸೀಳಿದ ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹೆಣೆದು ದುಂಡನೆಯ ಬುಟ್ಟಿಯನ್ನು ಸಿದ್ಧಪಡಿಸುತ್ತಾರೆ. ಅದರ ಹೊರಮೈಗೆ ಹಿಂದಿನ ಕಾಲದಲ್ಲಿ ತೊಗಲನ್ನು ಬಿಗಿಯುತ್ತಿದ್ದರು. ಅನಂತರ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿತು. ಈಚೆಗೆ ಗಾಜಿನ ನಾರಿನ ಹರಿಗೋಲುಗಳೂ ಬಂದಿವೆ. ಬಿದಿರೊಂದೇ ಆದರೆ ನೀರು ಒಳನುಗ್ಗುತ್ತದೆ. ತೊಗಲೊಂದೇ ಆದರೆ ಮುದುಡಿ ಕುಸಿಯುತ್ತದೆ. ಒಂದು ಬಲವನ್ನು ಹೊರುತ್ತದೆ, ಇನ್ನೊಂದು ಆಕಾರವನ್ನು ಮುಚ್ಚಿ ನೀರನ್ನು ತಡೆಯುತ್ತದೆ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವ ರೈತನಿಗೂ ಈ ತತ್ವ ಗೊತ್ತು. ಗುಣಗಳಲ್ಲಿ ಬೇರೆಯಾದ ಎರಡು ವಸ್ತುಗಳನ್ನು ಕೂಡಿಸಿ, ಎರಡರಲ್ಲಿಯೂ ಇಲ್ಲದ ಮೂರನೆಯ ಗುಣವನ್ನು ಪಡೆಯುವುದೇ ಇಂದಿನ ತಂತ್ರಜ್ಞರು ಸಂಯೋಜಿತ ವಸ್ತು ಎಂದು ಕರೆಯುವುದರ ಮರ್ಮ.

ಬಿದಿರಿನ ಕಾಯಕದ ಮೇದಾರ ಕೇತಯ್ಯ, ತೊಗಲಿನ ಕಾಯಕದ ಹರಳಯ್ಯ, ಹುಟ್ಟು ಹಿಡಿದ ಅಂಬಿಗರ ಚೌಡಯ್ಯ, ಈ ಮೂವರ ಕಸುಬುಗಳೂ ಹರಿಗೋಲಿನಲ್ಲಿ ಒಂದಾಗುತ್ತವೆ. 12ನೆಯ ಶತಮಾನದ ಶರಣ ಪರಂಪರೆ ಈ ಮೂವರನ್ನೂ ಸಮಾನ ಗೌರವದಿಂದ ಕಂಡಿತು. ಕೈಯ ಕೆಲಸವನ್ನು ಅರಿವಿನಿಂದ ಬೇರ್ಪಡಿಸದ ಆ ದೃಷ್ಟಿ ಹೊಸ ನೌಕಾವಿದ್ಯೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಸಹಾಯಕವಾಗುತ್ತದೆ.

ಕಾರ್ಬನ್ ಫೈಬರ್ ಎನ್ನಲಾಗುವ ಇಂಗಾಲದ ನಾರು ತಲೆಗೂದಲಿಗಿಂತ ಎಷ್ಟೋ ತೆಳುವಾದುದು. ಒಂದೊಂದು ಎಳೆಯ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಹತ್ತು ಪಾಲು ಮಾತ್ರ. ಅಕ್ರಿಲಿಕ್ ಜಾತಿಯ ಕೃತಕ ನೂಲನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸಿ, ಬಳಿಕ ಆಮ್ಲಜನಕದ ಸೋಂಕಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೀರಿದ ಶಾಖಕ್ಕೆ ಒಡ್ಡಿದಾಗ ಇಂಗಾಲವಷ್ಟೇ ಬಹುಪಾಲು ಉಳಿದು ಈ ನಾರು ದೊರೆಯುತ್ತದೆ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ. ಈ ನಾರು 1.8 ಪಟ್ಟು ಮಾತ್ರ. ಎಳೆದರೆ ತಾಳುವ ಶಕ್ತಿಯಲ್ಲಿ ಸಾಮಾನ್ಯ ಉಕ್ಕನ್ನು ಬಹುವಾಗಿ ಮೀರಿಸುತ್ತದೆ. ಆದರೆ ಆ ಶಕ್ತಿ ಎಳೆಯ ಉದ್ದಕ್ಕಷ್ಟೇ ಇದೆ. ಅಡ್ಡಲಾಗಿ ಅದು ದುರ್ಬಲ. ಆದಕಾರಣ ನಾರನ್ನು ಬಟ್ಟೆಯಂತೆ ನೇಯ್ದು, ಭಾರ ಬೀಳುವ ದಿಕ್ಕುಗಳನ್ನು ಲೆಕ್ಕಹಾಕಿ, ಪದರದ ಮೇಲೆ ಪದರವನ್ನು ಬೇರೆ ಬೇರೆ ಕೋನಗಳಲ್ಲಿ ಹಾಸಿ, ರಾಳದಿಂದ ಬೆಸೆಯುತ್ತಾರೆ. ಮೇದಾರನು ದಬ್ಬೆಗಳನ್ನು ಅಡ್ಡಹಾಯಿಸುವುದು ಇದೇ ಕಾರಣಕ್ಕೆ.

ಗಸ್ತು ನೌಕೆಗೆ ಇದರ ಪ್ರಯೋಜನ ಸ್ಪಷ್ಟವಾಗಿದೆ. ಕಾವಲಿನ ಹಡಗು ವೇಗವಾಗಿ ಧಾವಿಸಬೇಕು, ಬಹುಕಾಲ ಸಮುದ್ರದಲ್ಲಿ ನಿಲ್ಲಬೇಕು, ಅಳಿವೆಗಳ ಆಳವಿಲ್ಲದ ನೀರಿನಲ್ಲಿಯೂ ನುಸುಳಬೇಕು. ಒಡಲು ಹಗುರವಾದಷ್ಟೂ ಅದೇ ಯಂತ್ರದಿಂದ ಹೆಚ್ಚು ವೇಗ, ಅದೇ ಇಂಧನದಿಂದ ಹೆಚ್ಚು ದೂರ ಸಾಧ್ಯ. ಉಪ್ಪುನೀರಿಗೆ ಉಕ್ಕು ತುಕ್ಕು ಹಿಡಿಯುವಂತೆ ಇದು ಹಿಡಿಯುವುದಿಲ್ಲ. ಸ್ವೀಡನ್ ದೇಶದ ಕೋಕುಮ್ಸ್ ಸಂಸ್ಥೆ ಕಾರ್ಲ್ಸ್‌ಕ್ರೋನಾದಲ್ಲಿ ನಿರ್ಮಿಸಿದ ವಿಸ್ಬಿ ವರ್ಗದ ಐದು ನೌಕೆಗಳು ಈ ವಿದ್ಯೆಯ ಪ್ರಸಿದ್ಧ ಉದಾಹರಣೆ. ಮೊದಲನೆಯದು 2000ದ ಜೂನ್ ತಿಂಗಳಲ್ಲಿ ನೀರಿಗಿಳಿಯಿತು. ಸುಮಾರು 73 ಮೀಟರ್ ಉದ್ದ, 640 ಟನ್ ತೂಕದ ಈ ನೌಕೆ 35 ನಾಟ್‌ಗೂ ಮೀರಿ ಓಡಬಲ್ಲುದು. ಅದರ ಒಡಲು ಇಡಿಯಾದ ಗಟ್ಟಿ ಹಲಗೆಯಲ್ಲ; ಇಂಗಾಲದ ನಾರಿನ ಎರಡು ತೆಳುಪದರಗಳ ನಡುವೆ ಹಗುರವಾದ ನೊರೆಯಂಥ ತಿರುಳಿದೆ. ಜೋಳದ ದಂಟನ್ನು ಮುರಿದು ನೋಡಿದ ಹಳ್ಳಿಯ ಮಗುವಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬೆಂಡು. ಗಾಳಿಗೆ ಬಾಗಿದರೂ ಮುರಿಯದ ದಂಟು.

ಇಂಥ ಒಡಲನ್ನು ನಿರ್ಮಿಸುವ ಬಗೆ ಗಮನಾರ್ಹವಾದುದು. ಮೊದಲು ಅಚ್ಚನ್ನು ಸಿದ್ಧಪಡಿಸಿ, ಅದರ ಮೈಯನ್ನು ನುಣುಪುಗೊಳಿಸುತ್ತಾರೆ. ನಾರಿನ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಸುಕ್ಕಿಲ್ಲದಂತೆ ಹಾಸುತ್ತಾರೆ. ಮೇಲೆ ತೆಳುಹಾಳೆಯನ್ನು ಹೊದಿಸಿ, ಅಂಚುಗಳನ್ನು ಭದ್ರವಾಗಿ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿಯನ್ನು ಹೊರಸೆಳೆಯುತ್ತಾರೆ. ಆ ನಿರ್ವಾತಕ್ಕೆ ರಾಳ ತಾನಾಗಿ ಹರಿದು ಪ್ರತಿಯೊಂದು ಎಳೆಯನ್ನೂ ತೋಯಿಸುತ್ತದೆ. ರಾಳ ಗಟ್ಟಿಯಾಗಲು ತೊಡಗಿದ ಮೇಲೆ ತಪ್ಪನ್ನು ತಿದ್ದಲು ಅವಕಾಶವಿಲ್ಲ. ವಿನ್ಯಾಸಕ್ಕೆ ಗಣಕಯಂತ್ರ ಬೇಕು, ಪರೀಕ್ಷೆಗೆ ಶ್ರವಣಾತೀತ ಧ್ವನಿಯ ಉಪಕರಣ ಬೇಕು. ಆದರೆ ಬಟ್ಟೆ ಹಾಸುವುದು ಬಹುಮಟ್ಟಿಗೆ ಮನುಷ್ಯನ ಕೈಯೇ.

ಉಕ್ಕಿನ ಬೆಸುಗೆಯಲ್ಲಿ ಕುಂದಿದ್ದರೆ ಅದನ್ನು ಕೆತ್ತಿ ಮತ್ತೆ ಬೆಸೆಯಬಹುದು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆ, ಒಂದು ಸುಕ್ಕು, ಅಂಟದೆ ಉಳಿದ ಒಂದು ಅಂಗೈಯಗಲದ ಜಾಗ ಹೊರಗಣ್ಣಿಗೆ ಕಾಣುವುದಿಲ್ಲ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅಲೆಗಳ ಹೊಡೆತಕ್ಕೆ ಸಿಕ್ಕಿದಾಗ ಪದರಗಳು ಬಿಟ್ಟುಕೊಳ್ಳಲಾರಂಭಿಸುತ್ತವೆ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ ನಾದವನ್ನು ಕೇಳುವಂತೆ, ಇಲ್ಲಿಯೂ ಪರೀಕ್ಷಕರು ಮೈಯನ್ನು ತಟ್ಟಿ ಕಿವಿಗೊಡುವ ಪದ್ಧತಿಯುಂಟು. ಆದರೆ ಪರೀಕ್ಷಕನಿಗಿಂತ ಮೊದಲು ತಪ್ಪು ತಿಳಿದಿರುವುದು ಬಟ್ಟೆ ಹಾಸಿದವನಿಗೆ. ಯಾರೂ ನೋಡದಾಗಲೂ ಸರಿಯಾಗಿ ಮಾಡುವ ಕೈ, ತಪ್ಪಿದಾಗ ತಪ್ಪಿದೆನೆಂದು ಹೇಳುವ ನಾಲಿಗೆ, ಇವೆರಡೂ ಇಲ್ಲದ ಕಡೆ ಎಷ್ಟು ಬೆಲೆಯ ನಾರನ್ನು ತಂದರೂ ಹಡಗು ಸುರಕ್ಷಿತವಾಗಲಾರದು. ಇಂಥ ಪ್ರಾಮಾಣಿಕತೆಗೆ ಕಾಯಕಶುದ್ಧಿ ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಇದೆ.

ಈ ವಸ್ತುವನ್ನು ಸರ್ವರೋಗನಿವಾರಕವೆಂದು ಕೊಂಡಾಡುವುದೂ ತಪ್ಪಾಗುತ್ತದೆ. ಇಂಡೋನೇಷ್ಯಾದ ಬನ್ಯುವಾಂಗಿಯಲ್ಲಿ ಇಂಗಾಲದ ನಾರಿನಿಂದ ನಿರ್ಮಿಸಿದ ಕ್ಲೆವಾಂಗ್ ಎಂಬ 63 ಮೀಟರ್ ಉದ್ದದ ಗಸ್ತು ನೌಕೆ 2012ರ ಆಗಸ್ಟ್ 31ರಂದು ನೀರಿಗಿಳಿದು, ಸೆಪ್ಟೆಂಬರ್ 28ರಂದು ಬೆಂಕಿಗೆ ಆಹುತಿಯಾಯಿತು. ಒಂದು ತಿಂಗಳೂ ತುಂಬಿರಲಿಲ್ಲ. ನಾರ್ವೆಯ ಓರ್ಕ್ಲಾ ಎಂಬ ಸಂಯೋಜಿತ ವಸ್ತುವಿನ ನೌಕೆಯೂ 2002ರಲ್ಲಿ ಬೆಂಕಿ ತಗುಲಿ ಮುಳುಗಿತು. ರಾಳ ಶಾಖಕ್ಕೆ ಮೆತ್ತಗಾಗುತ್ತದೆ, ಉರಿಯುತ್ತದೆ, ವಿಷದ ಹೊಗೆಯನ್ನು ಬಿಡುತ್ತದೆ. ಇಂಗಾಲದ ನಾರು ವಿದ್ಯುತ್ತನ್ನು ಹರಿಸುವುದರಿಂದ ಅಲ್ಯೂಮಿನಿಯಮ್ಮಿಗೆ ನೇರವಾಗಿ ತಗುಲಿದರೆ ಸಮುದ್ರದ ನೀರಿನಲ್ಲಿ ಆ ಲೋಹ ಬೇಗನೆ ಕೊರೆದುಹೋಗುತ್ತದೆ. ನಡುವೆ ಗಾಜಿನ ನಾರಿನ ಪದರವನ್ನಿಟ್ಟು ಬೇರ್ಪಡಿಸಬೇಕು. ಬೆಲೆಯ ಮಾತಂತೂ ಬೇರೆಯೇ. ಅಮೆರಿಕ ದೇಶವು ಜುಮ್ವಾಲ್ಟ್ ವರ್ಗದ ಮೊದಲ ಎರಡು ಯುದ್ಧನೌಕೆಗಳಿಗೆ ಸಂಯೋಜಿತ ವಸ್ತುವಿನ ಮೇಲ್ಕಟ್ಟಡವನ್ನು ಕೊಟ್ಟು, ಮೂರನೆಯದಕ್ಕೆ ಉಕ್ಕಿಗೇ ಮರಳಿತು. ಎಲ್ಲಿ ಉಕ್ಕು, ಎಲ್ಲಿ ಗಾಜಿನ ನಾರು, ಎಲ್ಲಿ ಇಂಗಾಲದ ನಾರು ಎಂಬ ವಿವೇಚನೆಯೇ ಈ ವಿದ್ಯೆಯ ಅರ್ಧ ಭಾಗ.

ಭಾರತವೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿದೆ. ಕೋಲ್ಕತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡು 2017ರ ಅಕ್ಟೋಬರ್ 16ರಂದು ನೌಕಾಪಡೆಯನ್ನು ಸೇರಿದ ಐಎನ್‌ಎಸ್ ಕಿಲ್ತಾನ್, ಇಂಗಾಲದ ನಾರಿನ ಮೇಲ್ಕಟ್ಟಡವನ್ನು ಪಡೆದ ದೇಶದ ಮೊದಲ ದೊಡ್ಡ ಯುದ್ಧನೌಕೆ. 2020ರ ಅಕ್ಟೋಬರಿನಲ್ಲಿ ಸೇರಿದ ಕವರತ್ತಿಯೂ ಅದೇ ಬಗೆಯದು. ವಿನ್ಯಾಸ ಸ್ವದೇಶದ್ದು, ಉಕ್ಕಿನ ಒಡಲು ಸ್ವದೇಶದ್ದು. ಆದರೆ ಆ ಮೇಲ್ಕಟ್ಟಡಗಳು ಬಂದದ್ದು ಸ್ವೀಡನ್ನಿನ ಕೋಕುಮ್ಸ್‌ನಿಂದ.

ಇಲ್ಲಿ ಕರ್ನಾಟಕದ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ವಿಮಾನ ಕಾರ್ಖಾನೆಗಳೂ ಇಂಗಾಲದ ನಾರಿನ ವಿದ್ಯೆಯನ್ನು ದಶಕಗಳಿಂದ ಬಲ್ಲವು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ಮೈಯ ತೂಕದಲ್ಲಿ ಶೇಕಡ 45ರಷ್ಟು ಸಂಯೋಜಿತ ವಸ್ತುವೇ. ಇತ್ತ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಕಡಲ ತೀರವಿದೆ. ಕಾರವಾರದಲ್ಲಿ 2005ರಿಂದ ಕದಂಬ ನೌಕಾನೆಲೆಯಿದೆ. ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸರ ಕೇಂದ್ರವಿದೆ, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹಡಗುಕಟ್ಟೆಯೂ ಇದೆ. 2008ರ ನವೆಂಬರ್ 26ರಂದು ಮುಂಬಯಿಯ ಹಂತಕರು ಸಮುದ್ರಮಾರ್ಗವಾಗಿ ಬಂದ ಮೇಲೆ ತೀರದ ಕಾವಲಿಗೆ ವೇಗದ ದೋಣಿಗಳು ಎಷ್ಟು ಅಗತ್ಯವೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಆಕಾಶಕ್ಕೆ ಸಲ್ಲಿದ ವಿದ್ಯೆ ಘಟ್ಟವನ್ನಿಳಿದು ಕಡಲಿಗೂ ಸಲ್ಲಬೇಕು. ಮೊದಲು ಸಣ್ಣ ಗಸ್ತು ದೋಣಿಗಳಲ್ಲಿ ಗಾಜಿನ ನಾರನ್ನು ಮುಖ್ಯವಾಗಿರಿಸಿಕೊಂಡು, ತೂಕ ಉಳಿಸಲೇಬೇಕಾದ ಭಾಗಗಳಿಗೆ ಮಾತ್ರ ಇಂಗಾಲದ ನಾರನ್ನು ಬಳಸಿ, ಅನುಭವ ಬಲಿತಂತೆ ಮುಂದುವರಿಯುವುದು ಮಿತವ್ಯಯದ ಮಾರ್ಗ.

ಆದರೆ ಪ್ರಯೋಗಾಲಯವೂ ಬಂಡವಾಳವೂ ಇದ್ದರೆ ಸಾಲದು, ಕೈಗಳು ಬೇಕು. ಈ ಮಾತಿಗೆ ಬೆಳಕವಾಡಿಯ ನೆರೆಯಲ್ಲಿಯೇ ಇತಿಹಾಸದ ಸಾಕ್ಷಿಯಿದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಜಗತ್ತೇ ಬೆರಗಾದ ಸಾಹಸವದು. ನೀರು ಕಾವೇರಿಯದು, ಯಂತ್ರಗಳು ಸ್ವಿಟ್ಸರ್ಲೆಂಡ್ ಮತ್ತು ಅಮೆರಿಕದವು. ಆಗ ಬೇರೆ ದಾರಿಯಿರಲಿಲ್ಲ. ನೂರಹದಿನೈದು ವರ್ಷಗಳ ಅನಂತರವೂ ಕಿಲ್ತಾನ್ ನೌಕೆಯ ಮೇಲ್ಕಟ್ಟಡ ಹೊರನಾಡಿನಿಂದ ಬಂದುದನ್ನು ಕಂಡಾಗ, ಯಂತ್ರವನ್ನು ತರಿಸಿಕೊಳ್ಳುವಷ್ಟು ವೇಗದಲ್ಲಿ ಅದನ್ನು ಮಾಡುವ ಕೈಗಳನ್ನು ಬೆಳೆಸಲಿಲ್ಲವೆಂಬ ಸತ್ಯವನ್ನು ಒಪ್ಪಬೇಕಾಗುತ್ತದೆ. ಆ ಕೈಗಳು ಬೆಳೆಯುವುದು ಶಾಲೆಯಲ್ಲಿ.

ಮಠಗಳಿಗೆ ಇದು ಹೊಸ ಹಾದಿಯೇನೂ ಅಲ್ಲ. 1963ರಲ್ಲಿಯೇ ಮೈಸೂರಿನಲ್ಲಿ ಸುತ್ತೂರು ಮಠದ ಆಶ್ರಯದ ವಿದ್ಯಾಪೀಠವೂ ತುಮಕೂರಿನಲ್ಲಿ ಸಿದ್ಧಗಂಗೆಯೂ ಎಂಜಿನಿಯರಿಂಗ್ ಕಾಲೇಜುಗಳನ್ನು ತೆರೆದವು. ಅನ್ನದಾಸೋಹದ ಜೊತೆಗೆ ವಿದ್ಯಾದಾಸೋಹವೂ ನಡೆಯಿತು. ಆದರೆ ಗ್ರಾಮದ ಪ್ರೌಢಶಾಲೆಗಳಲ್ಲಿ ಕೈಗೆಲಸದ ಪಾಠ ಎಲ್ಲಕ್ಕಿಂತ ಕೊನೆಯ ಸ್ಥಾನಕ್ಕೆ ಜಾರಿದೆ. ಉತ್ಸವಗಳ ಸಂದರ್ಭದಲ್ಲಿ ಮಹಾದ್ವಾರಕ್ಕೂ ಸಭಾಭವನಕ್ಕೂ ಧನ ಸುಲಭವಾಗಿ ಕೂಡುತ್ತದೆ. ಅಮೃತಶಿಲೆಯ ಮೇಲೆ ದಾನಿಯ ಹೆಸರು ಮೂಡುತ್ತದೆ. ಕಾರ್ಯಾಗಾರಕ್ಕೆ ಕೊಟ್ಟವರೂ ಕಟ್ಟಡವನ್ನು ಕೊಡುತ್ತಾರೆಯೇ ಹೊರತು, ವರ್ಷವರ್ಷವೂ ಬೇಕಾಗುವ ಸಾಮಗ್ರಿಯ ವೆಚ್ಚವನ್ನೂ ಕಲಿಸುವವನ ವೇತನವನ್ನೂ ನೆನೆಯುವುದು ವಿರಳ. ಮೂರನೆಯ ವರ್ಷಕ್ಕೆ ಬಾಗಿಲಿಗೆ ಬೀಗ ಬೀಳುತ್ತದೆ.

ಮಕ್ಕಳ ಕೈಗೆ ರಾಳವನ್ನೂ ಇಂಗಾಲದ ನಾರನ್ನೂ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಅವುಗಳ ಆವಿಯೂ ಧೂಳೂ ಅಪಾಯಕಾರಿ; ಅವು ದೊಡ್ಡ ತರಗತಿಗಳಿಗೆ, ತಕ್ಕ ರಕ್ಷಣೆಯೊಡನೆ, ಸಲ್ಲತಕ್ಕವು. ಎಂಟನೆಯ ತರಗತಿಯ ಬಾಲಕಬಾಲಕಿಯರಿಗೆ ಗೋಣಿಬಟ್ಟೆ, ಹಳೆಯ ಕಾಗದ, ಮೈದಾಹಿಟ್ಟಿನ ಅಂಟು ಸಾಕು. ಒಂದು ಪದರದ ಹಲಗೆ ಎಷ್ಟು ಭಾರ ಹೊತ್ತಿತು, ಮೂರು ಪದರದ್ದು ಎಷ್ಟು, ಎಳೆಗಳನ್ನು ಅಡ್ಡಹಾಯಿಸಿದಾಗ ಎಷ್ಟು, ನಡುವೆ ಬೆಂಡನ್ನಿಟ್ಟಾಗ ಎಷ್ಟು ಎಂಬುದನ್ನು ತೂಗಿ, ಮುರಿದು, ಬರೆದಿಡಲಿ. ಮುರಿದದ್ದನ್ನು ಮುಚ್ಚಿಡದೆ ಬರೆದವನಿಗೆ ಹೆಚ್ಚು ಅಂಕ ದೊರೆಯಲಿ. ಕಾರ್ಖಾನೆಗಳಲ್ಲಿಯೂ ವಿಮಾನಶಾಲೆಗಳಲ್ಲಿಯೂ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ವಾರ ಬಂದು ಜೊತೆಗೆ ನಿಂತರೆ, ಅದು ಹಣದ ದಾನಕ್ಕಿಂತ ಕಡಿಮೆಯದಲ್ಲ.

ಅಹಿಂಸೆಯನ್ನು ಬೋಧಿಸುವ ಮಠದ ಶಾಲೆಗೆ ಯುದ್ಧನೌಕೆಯ ಗೊಡವೆ ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪ ಹಗುರವಾದುದಲ್ಲ. ಆದರೆ ಗಸ್ತು ನೌಕೆ ಬಿರುಗಾಳಿಗೆ ಸಿಕ್ಕ ಮೀನುಗಾರನನ್ನು ದಡಕ್ಕೆ ತರುವ ನೌಕೆಯೂ ಹೌದು. ಅದೇ ವಿದ್ಯೆಯಿಂದ ನೆರೆಯ ಕಾಲದ ರಕ್ಷಣಾ ದೋಣಿಯನ್ನೂ ಅಂಗವಿಕಲರ ಕೃತಕ ಕಾಲನ್ನೂ ಮಾಡಬಹುದು. ವಿದ್ಯೆಯನ್ನು ಯಾವುದಕ್ಕೆ ಬಳಸಬೇಕೆಂಬ ವಿವೇಕವನ್ನು ಕಲಿಸುವುದು ಮಠದ ಶಾಲೆಯಂಥ ಕಡೆಯಲ್ಲಿಯೇ ಹೆಚ್ಚು ಸಾಧ್ಯ.

ಹರಿಗೋಲು ಹೆಣೆದವನು ಮೊದಲು ತಾನೇ ಅದರಲ್ಲಿ ಕುಳಿತು ಹೊಳೆಗಿಳಿಯುತ್ತಿದ್ದನು. ತನ್ನ ಕೈಯ ಕೆಲಸದ ಮೇಲೆ ತನ್ನ ಪ್ರಾಣವನ್ನಿಡಬಲ್ಲ ಆ ಭರವಸೆ ಪಠ್ಯಪುಸ್ತಕದಿಂದಷ್ಟೇ ಬರುವುದಿಲ್ಲ. ಮುಂದಿನ ಉತ್ಸವದ ಹೊತ್ತಿಗೆ ದಾನಿಗಳು ಮಹಾದ್ವಾರಕ್ಕೆ ಕೊಡುವುದರಲ್ಲಿ ಅರ್ಧವನ್ನಾದರೂ, ಬೀಗ ಬೀಳದ ಒಂದು ಕಾರ್ಯಾಗಾರಕ್ಕೆ, ಅದರ ವರ್ಷವರ್ಷದ ಖರ್ಚಿಗೆ ಮೀಸಲಿಡಲಿ. ಕಾವೇರಿಯ ದಡದಲ್ಲಿ ಗೋಣಿಬಟ್ಟೆ ಹಾಸಿ ಕಲಿತ ಕೈಗಳು ಒಂದು ದಿನ ಕಾರವಾರದ ಕಡಲಿಗೆ ನೌಕೆಯನ್ನಿಳಿಸುವಂತಾಗಲಿ.