ಮುಚ್ಚಿಹೋದ ಗರಡಿಯ ಪಟ್ಟಾವಳಿ

ಗೆಲ್ಲುವವನು ಯಾರು, ಸೋಲುವವನು ಯಾರು ಎಂಬುದು ಕುಸ್ತಿಗೆ ಮೊದಲೇ ನಿಶ್ಚಯವಾಗಿರುವ ಅಖಾಡದಲ್ಲಿ ಜಗಜ್ಜಟ್ಟಿಗಳ ಪಟ್ಟಾವಳಿಯನ್ನು ಬರೆದಿಡುವುದು ನಾಟಕದ ರಾಜರಿಗೆ ವಂಶವೃಕ್ಷ ಬರೆದಂತಲ್ಲವೆ ಎಂದು ಯಾರಾದರೂ ಕೇಳಿಯಾರು. ಕೇಳುವುದು ನ್ಯಾಯವೇ. ಅಮೆರಿಕದಲ್ಲಿ ವೃತ್ತಿ ಕುಸ್ತಿ ಎಂದು ಹೆಸರಾದದ್ದು ಇಂಥ ಆಟ. ಭಾರತದಲ್ಲಿ ಕಿಂಗ್‌ಕಾಂಗ್, ದಾರಾಸಿಂಗ್ ಇವರ ಕಾಲದಲ್ಲಿ ಫ್ರೀಸ್ಟೈಲ್ ಕುಸ್ತಿ ಎಂಬ ಹೆಸರಿನಿಂದ ಊರೂರಿನ ಜನರನ್ನು ಸೆಳೆದುದೂ ಈ ಜಾತಿಯದೇ. ಬೀಳುವ ಪೆಟ್ಟಿನಲ್ಲಿ ನಿಜವುಂಟು, ಸುರಿಯುವ ಬೆವರಿನಲ್ಲಿ ನಿಜವುಂಟು; ಫಲಿತಾಂಶ ಮಾತ್ರ ವ್ಯವಸ್ಥಾಪಕನ ಜೇಬಿನಿಂದ ಬಂದದ್ದು. ಆದರೆ ಈ ಕಾರಣದಿಂದಲೇ ಇಂಥ ಪಟ್ಟಾವಳಿಯನ್ನು ಬೇರೊಂದು ಕಣ್ಣಿನಿಂದ ಓದಬೇಕಾಗುತ್ತದೆ. ಯಾರ ತೋಳಿನಲ್ಲಿ ಬಲವಿತ್ತೆಂಬುದನ್ನು ಅದು ಹೇಳಲಾರದು. ಯಜಮಾನನು ಯಾರನ್ನು ನಂಬಿದ, ಯಾರಿಗೆ ಅಂಜಿದ, ಯಾರಿಗೆ ಕೊಡಲೊಲ್ಲದೆ ಹೋದ ಎಂಬುದನ್ನು ತಾರೀಖಿನ ಸಮೇತ ಹೇಳುತ್ತದೆ. ಆ ಯಜಮಾನನೇ ಜಟ್ಟಿಯೂ ಆಗಿದ್ದರಂತೂ ಪಟ್ಟಾವಳಿಯು ಅವನ ಆತ್ಮಚರಿತ್ರೆಯೇ ಸರಿ.

ಮಿನ್ನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರವನ್ನು ನೆಲೆಯಾಗಿ ಮಾಡಿಕೊಂಡು ೧೯೬೦ರಲ್ಲಿ ಹುಟ್ಟಿ ೧೯೯೧ರಲ್ಲಿ ಕಣ್ಮರೆಯಾದ ‘ಅಮೆರಿಕನ್ ರೆಸ್ಲಿಂಗ್ ಅಸೋಸಿಯೇಷನ್’ ಎಂಬ ಸಂಸ್ಥೆಯ ಪಟ್ಟಾವಳಿ ಇಂಥದು. ಅದರ ಯಜಮಾನ ವರ್ನ್ ಗಾನ್ಯ. ಪಾಲುಗಾರ ವಾಲಿ ಕಾರ್ಬೊ. ಗಾನ್ಯ ೧೯೨೬ರ ಫೆಬ್ರವರಿ ೨೬ರಂದು ಜನಿಸಿದ, ಹೊಲಗದ್ದೆಗಳ ನಡುವೆ ಬೆಳೆದ ಹುಡುಗ. ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ೧೯೪೮ ಮತ್ತು ೧೯೪೯ರಲ್ಲಿ ಇಡೀ ಅಮೆರಿಕದ ಕಾಲೇಜು ಕುಸ್ತಿಗಳಲ್ಲಿ ತನ್ನ ತೂಕದವರ ಪೈಕಿ ಮೊದಲಿಗನಾದ. ೧೯೪೮ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ ತಂಡದಲ್ಲಿ ಬದಲಿ ಜಟ್ಟಿಯಾಗಿದ್ದ. ಅವು ಯಾರ ಜೇಬಿನಿಂದಲೂ ಬಾರದ, ಸಾಕ್ಷಾತ್ ಕುಸ್ತಿಗಳು. ಈ ಸಂಗತಿಯನ್ನು ಮರೆತರೆ ಮುಂದಿನ ಕತೆ ಅರ್ಥವಾಗದು.

೧೯೫೦ರ ದಶಕದಲ್ಲಿ ಟೆಲಿವಿಷನ್ ಆಗತಾನೆ ಅಮೆರಿಕದ ಮನೆಗಳಿಗೆ ಕಾಲಿಡುತ್ತಿದ್ದಾಗ ಗಾನ್ಯನ ಮುಖ ಮನೆಮಾತಾಯಿತು. ಆದರೂ ಒಂದು ಕೊರತೆ ಉಳಿಯಿತು. ಆಗ್ಗೆ ಹೆಚ್ಚಿನ ವ್ಯವಸ್ಥಾಪಕರು ‘ನ್ಯಾಷನಲ್ ರೆಸ್ಲಿಂಗ್ ಅಲೈಯನ್ಸ್’ ಎಂಬ ಕೂಟದಲ್ಲಿ ಸೇರಿದ್ದರು. ಪ್ರತಿಯೊಬ್ಬನಿಗೂ ಒಂದೊಂದು ಸೀಮೆ. ಎಲ್ಲರಿಗೂ ಸೇರಿ ಒಬ್ಬನೇ ಜಗಜ್ಜಟ್ಟಿ. ಅವನು ಸೀಮೆಯಿಂದ ಸೀಮೆಗೆ ಪಯಣಿಸಿ ಅಲ್ಲಲ್ಲಿಯ ಹೆಸರಾಂತ ಮಲ್ಲರೊಡನೆ ಸೆಣಸುವುದು ಪದ್ಧತಿ. ಆ ಪಟ್ಟ ಗಾನ್ಯನಿಗೆ ಬರಲಿಲ್ಲ.

ಆಗ ಗಾನ್ಯ ಮಾಡಿದ ಉಪಾಯವನ್ನು ನೋಡಿ. ೧೯೬೦ರಲ್ಲಿ ಕೂಟದಿಂದ ಹೊರಬಿದ್ದ ಹೊಸ ಸಂಸ್ಥೆಯು, ಕೂಟದ ಜಗಜ್ಜಟ್ಟಿಯಾಗಿದ್ದ ನ್ಯೂಜಿಲೆಂಡಿನ ಪ್ಯಾಟ್ ಓಕಾನರನೇ ತನ್ನ ಮೊದಲನೆಯ ಜಗಜ್ಜಟ್ಟಿಯೆಂದು ಸಾರಿತು. ಜೊತೆಯಲ್ಲೇ ಒಂದು ಗಡುವನ್ನೂ ವಿಧಿಸಿತು: ತೊಂಬತ್ತು ದಿನಗಳೊಳಗಾಗಿ ಓಕಾನರನು ಗಾನ್ಯನೊಡನೆ ಕುಸ್ತಿಗಿಳಿಯತಕ್ಕದ್ದು. ಓಕಾನರ್ ಬರಲಿಲ್ಲ, ಏಕೆ ಬಂದಾನು? ಗಡುವು ತೀರಿತು. ಆಗಸ್ಟ್ ೧೬ರಂದು ಗಾನ್ಯನೇ ಜಗಜ್ಜಟ್ಟಿಯೆಂದು ಘೋಷಣೆಯಾಯಿತು. ಓಕಾನರನಿಗೆ ಪಟ್ಟ ಕೊಟ್ಟದ್ದೂ ಕಾಗದದ ಮೇಲೆ, ಕಿತ್ತುಕೊಂಡದ್ದೂ ಕಾಗದದ ಮೇಲೆ. ಪಟ್ಟಾವಳಿಯ ಮೊದಲ ಎರಡು ಸಾಲುಗಳಿಗಾಗಿ ಯಾರೂ ಅಂಗಿ ಕಳಚಬೇಕಾಗಲಿಲ್ಲ!

ಮುಂದಿನ ಏಳೆಂಟು ವರ್ಷಗಳ ಸಾಲುಗಳು ಬಹಳ ಚುರುಕಾದವು. ಗಾನ್ಯ ಸೋಲುತ್ತಾನೆ, ಗೆಲ್ಲುತ್ತಾನೆ, ಮತ್ತೆ ಸೋಲುತ್ತಾನೆ. ‘ಮಿಸ್ಟರ್ ಎಂ’ ಎಂಬ ಮುಸುಕುಧಾರಿ ೧೯೬೨ರ ಜನವರಿಯಲ್ಲಿ ಪಟ್ಟವನ್ನು ಹಾರಿಸಿಕೊಂಡು ಹೋದ. ಆಗಸ್ಟಿನಲ್ಲಿ ಗಾನ್ಯನಿಗೆ ಸೋತು ಮುಸುಕು ಕಳಚಿದಾಗ ಒಳಗಿದ್ದವನು ಬಿಲ್ ಮಿಲ್ಲರ್, ಶಾಸ್ತ್ರೋಕ್ತವಾಗಿ ಪದವಿ ಪಡೆದ ಪಶುವೈದ್ಯ. ಮಿಲ್ವಾಕಿ ಕಡೆಯ ‘ಕ್ರಷರ್’ ಎಂಬವನು ೧೯೬೩ರ ಜುಲೈ ೯ರಂದು ಗೆದ್ದು ೨೦ರಂದು ಬಿಟ್ಟುಕೊಟ್ಟ. ಹನ್ನೊಂದು ದಿನದ ದರ್ಬಾರು. ಇದರ ಮರ್ಮ ಸರಳ. ಯಜಮಾನನ ಸೋಲೇ ಮುಂದಿನ ವಾರದ ಟಿಕೆಟ್ಟಿಗೆ ಜಾಹೀರಾತು. ಕಳೆದುಕೊಂಡದ್ದನ್ನು ಮರಳಿ ಪಡೆಯುವವನನ್ನು ನೋಡಲು ಜನ ಎರಡು ಸಲ ಹಣ ತೆರುತ್ತಾರೆ.

ಈ ಅವಧಿಯಲ್ಲಿ ಗಾನ್ಯನಿಗೆ ಸರಿಸಾಟಿಯಾಗಿ ನಿಂತವನು ಕೆನಡಾದ ಮೊರೀಸ್ ವಶಾನ್. ಬಿರುದು ‘ಮ್ಯಾಡ್ ಡಾಗ್’, ಎಂದರೆ ಹುಚ್ಚುನಾಯಿ. ಬೋಳು ತಲೆ, ಗಡ್ಡ, ಕಚ್ಚುವ ಉಗುರುವ ಚಾಳಿ. ತಾಯಂದಿರು ಮಕ್ಕಳನ್ನು ಹೆದರಿಸಲು ಬೇರೆ ಗುಮ್ಮ ಬೇಕಾಗಿರಲಿಲ್ಲ. ಈ ಗುಮ್ಮನೂ ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಪರವಾಗಿ ಸೆಣಸಿದವನು. ೧೯೫೦ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕ್ರೀಡೆಗಳಲ್ಲಿ ಚಿನ್ನದ ಪದಕ ಪಡೆದವನು. ೧೯೬೪ರ ಅಕ್ಟೋಬರಿನಿಂದ ಎರಡು ವರ್ಷಕ್ಕೂ ಮೇಲ್ಪಟ್ಟು, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಪಟ್ಟ ವಶಾನನದೇ. ೧೯೬೭ರ ಫೆಬ್ರವರಿ ೨೬ರಂದು ಗಾನ್ಯ ಅದನ್ನು ಮರಳಿ ಪಡೆದ. ಅಂದು ಅವನ ೪೧ನೆಯ ಹುಟ್ಟುಹಬ್ಬ. ತಾರೀಖನ್ನು ಆಯ್ದುಕೊಳ್ಳುವ ಅಧಿಕಾರವಿದ್ದವನಿಗೆ ಉಡುಗೊರೆಯೂ ತನ್ನ ಕೈಯಲ್ಲೇ ಇತ್ತಷ್ಟೆ.

ಚಪಲತೆಯ ಕಾಲ ಅಲ್ಲಿಗೆ ಮುಗಿಯಿತೆನ್ನಬಹುದು. ೧೯೬೮ರ ಆಗಸ್ಟ್ ೩೧ರಂದು ಗಾನ್ಯನ ನಡುವನ್ನೇರಿದ ಪಟ್ಟಿ ೧೯೭೫ರ ನವೆಂಬರ್ ೮ರವರೆಗೆ ಇಳಿಯಲಿಲ್ಲ. ಏಳು ವರ್ಷದ ಮೇಲೆ ಎರಡು ತಿಂಗಳು! ಆ ವೇಳೆಗೆ ಗಾನ್ಯನಿಗೆ ೪೯. ಇದು ಬರಿಯ ಅಹಂಕಾರವೆಂದು ತೀರ್ಪು ಕೊಡುವುದು ಸುಲಭ. ಹಲವರು ಕೊಟ್ಟದ್ದೂ ಉಂಟು. ಆದರೆ ಆ ಕಾಲದ ವ್ಯವಸ್ಥಾಪಕರಿಗೆ ಒಂದು ನಿಜವಾದ ಭಯವಿತ್ತು. ಸೋಲಲು ಒಪ್ಪಿ ಅಖಾಡಕ್ಕೆ ಬಂದವನು ನಡುವೆ ಮನಸ್ಸು ಬದಲಿಸಿ ನಿಜವಾಗಿಯೇ ಹಿಡಿದು ಕೆಡವಿದರೆ? ಸಾವಿರಾರು ಜನರೆದುರು ತೀರ್ಪುಗಾರನು ಮೂರು ಎಣಿಸಿಬಿಟ್ಟರೆ? ಆದುದರಿಂದ ಪಟ್ಟ ಧರಿಸುವವನು ನಾಟಕ ಬಲ್ಲವನಾದರೆ ಸಾಲದು, ಪಟ್ಟು ಬಲ್ಲವನೂ ಆಗಿರಬೇಕು ಎಂಬುದು ಹಳೆಯವರ ನಂಬಿಕೆ. ಗಾನ್ಯ ಈ ನಂಬಿಕೆಯಲ್ಲಿ ಬೆಳೆದವನು. ತನ್ನ ಹೊಲದ ಕೊಟ್ಟಿಗೆಯಲ್ಲಿ ಚಳಿಗಾಲದಲ್ಲಿ ಶಿಷ್ಯರನ್ನು ಬೆವರಿಳಿಸಿ ಪಳಗಿಸುತ್ತಿದ್ದವನು. ೧೯೭೨ರ ಸುಮಾರಿಗೆ ಆ ಕೊಟ್ಟಿಗೆಯಲ್ಲಿ ಉರುಳಾಡಿದವರ ಪೈಕಿ ರಿಕ್ ಫ್ಲೇರ್ ಇದ್ದ, ಮುಂದೆ ‘ಐರನ್ ಶೇಖ್’ ಎಂದು ಪ್ರಸಿದ್ಧನಾದ ಇರಾನಿನ ಖುಸ್ರೋ ವಜೀರಿ ಇದ್ದ, ಗಾನ್ಯನ ಮಗ ಗ್ರೆಗ್ ಇದ್ದ. ಈ ಮೂವರಲ್ಲಿ ಒಬ್ಬನ ಹೆಸರೂ ಪಟ್ಟಾವಳಿಯಲ್ಲಿಲ್ಲ. ತನಗೆ ಹತ್ತು ಬಾರಿ ಪಟ್ಟ ಕಟ್ಟಿಕೊಂಡ ತಂದೆ ಮಗನಿಗೆ ಒಂದು ಬಾರಿಯೂ ಕಟ್ಟಲಿಲ್ಲ.

೧೯೭೫ರಲ್ಲಿ ಪಟ್ಟ ಪಡೆದವನು ನಿಕ್ ಬಾಕ್‌ವಿಂಕಲ್. ಜಟ್ಟಿಯ ಮಗ, ಮಾತಿನಲ್ಲಿ ವಿದ್ವಾಂಸ. ಎದುರಾಳಿಯನ್ನು ಬಯ್ಯುವಾಗಲೂ ನಿಘಂಟನ್ನು ತೆರೆದು ಬಯ್ಯುವನೋ ಎಂಬಂತಹ ಬೆಡಗು. ನಯವಂತನಾದ ಈ ಖಳನ ಕೈಯಲ್ಲಿ ಸಂಸ್ಥೆ ಸುಖವಾಗಿ ನಡೆಯಿತು. ಹೀಗಿರುವಾಗ ೧೯೮೦ರ ಜುಲೈ ೧೮ರಂದು ಷಿಕಾಗೋ ನಗರದ ಕಾಮಿಸ್ಕಿ ಪಾರ್ಕಿನಲ್ಲಿ ಗಾನ್ಯ ಹತ್ತನೆಯ ಸಲ ಜಗಜ್ಜಟ್ಟಿಯಾದ. ವಯಸ್ಸು ೫೪. ಮರುವರ್ಷ ಮೇ ೧೦ರಂದು ಸೇಂಟ್ ಪಾಲ್ ನಗರದಲ್ಲಿ ಬಾಕ್‌ವಿಂಕಲನನ್ನು ಸೋಲಿಸಿ, ಪಟ್ಟ ತೊಟ್ಟೇ ನಿವೃತ್ತನಾದ. ಒಂಬತ್ತು ದಿನಗಳ ತರುವಾಯ ಸಂಸ್ಥೆಯು ಆ ಪಟ್ಟವನ್ನು ಎತ್ತಿ ಬಾಕ್‌ವಿಂಕಲನ ಕೈಗಿತ್ತಿತು. ಹಿರಿಯನು ಹೋಗುವಾಗ ಕಿರಿಯನಿಗೆ ಸೋತು ಹೋಗುವುದು ಈ ವೃತ್ತಿಯಲ್ಲಿ ಮರ್ಯಾದೆ. ಸೋಲು ದಕ್ಷಿಣೆಯಿದ್ದಂತೆ, ಅದರಿಂದ ಗೆದ್ದವನ ಬೆಲೆ ಏರುತ್ತದೆ. ಗಾನ್ಯ ಆ ದಕ್ಷಿಣೆಯನ್ನು ಕೊಡಲಿಲ್ಲ. ಮೂವತ್ತು ವರ್ಷಗಳ ಪಟ್ಟಾವಳಿಯಲ್ಲಿ ನಿಜಕ್ಕೂ ಬೇಸರ ತರಿಸುವ ಸಾಲು ಇದು.

ಇನ್ನು ಪಟ್ಟಾವಳಿಯಲ್ಲಿ ಇಲ್ಲದ ಸಾಲಿನ ಮಾತು. ೧೯೮೧ರಲ್ಲಿ ಹಲ್ಕ್ ಹೋಗನ್ ಎಂಬ ಆಜಾನುಬಾಹು ಈ ಸಂಸ್ಥೆಗೆ ಬಂದ. ಮರುವರ್ಷ ‘ರಾಕಿ’ ಚಲನಚಿತ್ರಮಾಲೆಯ ಮೂರನೆಯದರಲ್ಲಿ ಕಾಣಿಸಿಕೊಂಡು ದೇಶಕ್ಕೆಲ್ಲ ಪರಿಚಿತನಾದ. ಪಟ್ಟುಗಳಲ್ಲಿ ಪಾಂಡಿತ್ಯವಿಲ್ಲ, ಆದರೆ ಅವನು ಕಿವಿಗೆ ಕೈಯೊಡ್ಡಿ ನಿಂತರೆ ಸಭಾಂಗಣ ಸಮುದ್ರದಂತೆ ಮೊರೆಯುತ್ತಿತ್ತು. ೧೯೮೨ರ ಏಪ್ರಿಲಿನಲ್ಲಿ ಹೋಗನ್ ಬಾಕ್‌ವಿಂಕಲನನ್ನು ಕೆಡವಿ ಪಟ್ಟಿ ಎತ್ತಿಕೊಂಡ. ಸಂಸ್ಥೆಯ ಅಧ್ಯಕ್ಷ ಸ್ಟಾನ್ಲಿ ಬ್ಲ್ಯಾಕ್‌ಬರ್ನ್ ಅದನ್ನು ಅಸಿಂಧುವೆಂದ. ೧೯೮೩ರ ಏಪ್ರಿಲ್ ೨೪ರಂದು ಸೇಂಟ್ ಪಾಲ್‌ನಲ್ಲಿ ಕಿಕ್ಕಿರಿದ ಜನರೆದುರು ಮತ್ತೊಮ್ಮೆ ಕೆಡವಿದ. ಮುದುಕರು ಮಕ್ಕಳೆನ್ನದೆ ಎದ್ದು ಕುಣಿದರು. ಆಗ ಬ್ಲ್ಯಾಕ್‌ಬರ್ನ್ ಪುನಃ ಪ್ರತ್ಯಕ್ಷನಾಗಿ, ಎದುರಾಳಿಯನ್ನು ಮೇಲಿನ ಹಗ್ಗದಾಚೆ ಎಸೆದದ್ದು ನಿಯಮಬಾಹಿರ, ಪಟ್ಟ ಬಾಕ್‌ವಿಂಕಲನಲ್ಲೇ ಉಳಿಯತಕ್ಕದ್ದು ಎಂದು ಸಾರಿದ. ಜನರ ಆಕ್ರೋಶ ಹೇಳತೀರದು. ಒಂದು ಸಲ ಬಾಯಿಗೆ ಬಂದ ತುತ್ತನ್ನು ಕಸಿದರೆ ಹಸಿವು ಹೆಚ್ಚುತ್ತದೆ. ಎರಡನೆಯ ಸಲವೂ ಕಸಿದರೆ ಉಣ್ಣುವವನು ಪಂಕ್ತಿಯನ್ನೇ ಬಿಟ್ಟೇಳುತ್ತಾನೆ. ವರ್ಷ ಮುಗಿಯುವುದರೊಳಗೆ ಹೋಗನ್ ನ್ಯೂಯಾರ್ಕಿನ ಕಡೆಗೆ, ವಿನ್ಸ್ ಮೆಕ್‌ಮಹನನ ಸಂಸ್ಥೆಗೆ ಹೊರಟುಹೋದ. ೧೯೮೪ರ ಜನವರಿ ೨೩ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲ್ಲಿಯ ಜಗಜ್ಜಟ್ಟಿಯನ್ನು ಸೋಲಿಸಿ ಪಟ್ಟವೇರಿದ. ಸೋತವನು ಯಾರು? ಗಾನ್ಯನ ಕೊಟ್ಟಿಗೆಯಲ್ಲಿ ಪಳಗಿದ ಐರನ್ ಶೇಖ್! ಹೋಗನ್‌ನ ಹಿಂದೆಯೇ ವೀಕ್ಷಕ ವಿವರಣೆಕಾರ ಜೀನ್ ಓಕರ್‌ಲಂಡ್, ಬಾಕ್‌ವಿಂಕಲನ ಬೆನ್ನಿಗಿದ್ದ ಬಾಬಿ ಹೀನನ್ ಮೊದಲಾದವರೂ ಹೋದರು. ಮೆಕ್‌ಮಹನ್ ಸೀಮೆಗಳ ಎಲ್ಲೆಯನ್ನೇ ಅಳಿಸುತ್ತ ದೇಶವನ್ನೆಲ್ಲ ಆವರಿಸತೊಡಗಿದ.

ಅಲ್ಲಿಂದ ಮುಂದೆ ಪಟ್ಟ ಪಯಣಿಗನಾಯಿತು. ೧೯೮೪ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಜಂಬೊ ತ್ಸುರುತ ಗೆದ್ದ. ಆತ ೧೯೭೨ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಲ್ಲ. ಮೇ ತಿಂಗಳಲ್ಲಿ ಕೆನಡಾದ ಸುಂದರಾಂಗ ರಿಕ್ ಮಾರ್ಟೆಲ್. ೧೯೮೫ರ ಡಿಸೆಂಬರ್ ೨೯ರಂದು ಟೆಕ್ಸಾಸಿನ ಒರಟ ಸ್ಟ್ಯಾನ್ ಹ್ಯಾನ್ಸನ್.

ಈ ಹ್ಯಾನ್ಸನ್‌ನ ಪ್ರಸಂಗದಲ್ಲಿ ಹಳೆಯವರ ಭಯ ನಿಜವಾಯಿತು. ಆದರೆ ಅವರು ಊಹಿಸಿದ ರೀತಿಯಲ್ಲಲ್ಲ. ೧೯೮೬ರ ಜೂನ್ ೨೯ರಂದು ಡೆನ್ವರ್ ನಗರದಲ್ಲಿ ಬಾಕ್‌ವಿಂಕಲನಿಗೆ ಪಟ್ಟ ಬಿಟ್ಟುಕೊಡಬೇಕೆಂದು ಯಜಮಾನನ ಆಜ್ಞೆಯಾಯಿತು. ಹ್ಯಾನ್ಸನ್‌ಗೆ ಜಪಾನಿನಲ್ಲಿ ಜಗಜ್ಜಟ್ಟಿಯಾಗಿ ಸೆಣಸುವ ಒಪ್ಪಂದವಿತ್ತು, ಒಲ್ಲೆನೆಂದ. ಅಖಾಡಕ್ಕೇ ಇಳಿಯದೆ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟ. ಸಂಸ್ಥೆ ಪಟ್ಟವನ್ನು ಬಾಕ್‌ವಿಂಕಲನಿಗೆ ಘೋಷಿಸಿದರೆ, ಹ್ಯಾನ್ಸನ್ ಅದೇ ಪಟ್ಟಿಯನ್ನು ಜಪಾನಿನಲ್ಲಿ ಮೆರೆಸಿದ. ಕೋರ್ಟಿನ ಬೆದರಿಕೆ ಬಂದ ಮೇಲೆ ತನ್ನ ಟ್ರಕ್ಕನ್ನು ಅದರ ಮೇಲೆ ಹಾಯಿಸಿ, ಚಕ್ರದ ಗುರುತಿನ ಸಮೇತ ಅಂಚೆಯಲ್ಲಿ ಕಳುಹಿಸಿದನೆಂಬುದು ಕುಸ್ತಿಲೋಕದಲ್ಲಿ ಪ್ರಸಿದ್ಧವಾದ ವೃತ್ತಾಂತ. ನಿಶ್ಚಯಿಸಿದಂತೆ ನಡೆಯದ ಫಲಿತಾಂಶ ಬಂದದ್ದು ಹೀಗೆ, ಕುಸ್ತಿಯೇ ಇಲ್ಲದೆ.

ಬಾಕ್‌ವಿಂಕಲ್ ಆಗ ಐವತ್ತು ದಾಟಿದ್ದ. ೧೯೮೭ರ ಮೇ ೨ರಂದು ಆತ ಕರ್ಟ್ ಹೆನಿಗ್ ಎಂಬ ತರುಣನಿಗೆ ಸೋತ. ಈ ಸಂಸ್ಥೆಯ ಹಳೆಯ ಮಲ್ಲ ಲ್ಯಾರಿ ಹೆನಿಗನ ಮಗ. ಕಣ್ಣಿಗೂ ಹಿತ, ಪಟ್ಟಿನಲ್ಲೂ ಬಿಗಿ. ಹತ್ತು ವರ್ಷ ಮೊದಲು ಇಂಥವನೊಬ್ಬ ಸಿಕ್ಕಿದ್ದರೆ! ಮರುವರ್ಷ ಮೇ ೯ರಂದು ಪಟ್ಟ ಮೆಂಫಿಸ್ ನಗರದ ಜೆರಿ ಲಾಲರ್‌ಗೆ ಹೋಯಿತು. ಹೆನಿಗ್ ಮೆಕ್‌ಮಹನನ ಕಡೆಗೆ ಹೋದ. ೧೯೮೮ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ನಡೆದ ದೊಡ್ಡ ಪ್ರದರ್ಶನದ ಹಣದ ಲೆಕ್ಕದಲ್ಲಿ ಲಾಲರ್‌ಗೂ ಗಾನ್ಯನಿಗೂ ಮನಸ್ತಾಪ ಬಂತು. ಜನವರಿಯಲ್ಲಿ ಪಟ್ಟ ಕಿತ್ತುಕೊಂಡರು; ಲಾಲರ್ ಪಟ್ಟಿಯನ್ನು ಕೊಡಲಿಲ್ಲ. ಹೊಸದೊಂದನ್ನು ಮಾಡಿಸಬೇಕಾಯಿತು.

ಆ ಹೊಸ ಪಟ್ಟಿಗಾಗಿ ೧೯೮೯ರ ಫೆಬ್ರವರಿ ೭ರಂದು ಸೇಂಟ್ ಪಾಲ್‌ನಲ್ಲಿ ಹದಿನೆಂಟು ಮಂದಿಯನ್ನು ಒಟ್ಟಿಗೆ ಅಖಾಡಕ್ಕಿಳಿಸಿದರು. ಹಗ್ಗದಾಚೆ ಬಿದ್ದವನು ಹೋದಂತೆ. ಕಡೆಗೆ ಉಳಿದವನು ಲ್ಯಾರಿ ಜಿಬಿಸ್ಕೊ, ಗಾನ್ಯನ ಅಳಿಯ. ಹೊರಗಿನವರನ್ನು ನಂಬಿ ಕೈಸುಟ್ಟುಕೊಂಡವನು ಮನೆಯವನಿಗೆ ಕೀಲಿಕೈ ಕೊಟ್ಟ, ತಪ್ಪೆನ್ನುವಂತಿಲ್ಲ. ೧೯೯೦ರ ಫೆಬ್ರವರಿ ೧೦ರಂದು ಟೋಕಿಯೋದಲ್ಲಿ ಮಾಸಾ ಸೈತೋ ಗೆದ್ದ, ಏಪ್ರಿಲಿನಲ್ಲಿ ಅಳಿಯ ಮರಳಿ ಪಡೆದ. ೧೯೯೦ರ ಡಿಸೆಂಬರ್ ೧೨ರಂದು ಪಟ್ಟ ಖಾಲಿಯಾಯಿತೆಂದು ದಾಖಲೆ. ಅಳಿಯನೂ ಬೇರೊಂದು ಸಂಸ್ಥೆಗೆ ಹೊರಟಿದ್ದ. ಪಟ್ಟಾವಳಿಯಲ್ಲಿ ಅದೇ ಕಡೆಯ ನಮೂದು. ಮರುವರ್ಷ ಸಂಸ್ಥೆಯೇ ಮುಚ್ಚಿತು.

೨೦೦೬ರಲ್ಲಿ ಮೆಕ್‌ಮಹನನ ಸಂಸ್ಥೆಯು ತನ್ನ ಕೀರ್ತಿಶಾಲಿಗಳ ಸಾಲಿಗೆ ಗಾನ್ಯನನ್ನು ಸೇರಿಸಿಕೊಂಡಿತು. ವೇದಿಕೆಯ ಮೇಲೆ ತಂದೆಯನ್ನು ಸಭೆಗೆ ಪರಿಚಯಿಸಿದವನು ಗ್ರೆಗ್. ೨೦೧೫ರ ಏಪ್ರಿಲ್ ೨೭ರಂದು ಗಾನ್ಯ ತೀರಿಕೊಂಡ; ಅದೇ ನವೆಂಬರಿನಲ್ಲಿ ಬಾಕ್‌ವಿಂಕಲ್. ಮಿನಿಯಾಪೊಲಿಸ್ ಸಂಸ್ಥೆಯ ಹಳೆಯ ಚಿತ್ರಸುರುಳಿಗಳನ್ನೂ ಮೆಕ್‌ಮಹನನ ಸಂಸ್ಥೆಯೇ ಕೊಂಡುಕೊಂಡಿದೆ.