ಪಬ್ಬಿನ ಮುಯ್ಯಿ

ಬ್ರಿಟನ್ನು, ಕೆನಡಾ ಎರಡಕ್ಕೂ ಒಬ್ಬನೇ ರಾಜ, ಮಾತಾಡೋದು ಹೆಚ್ಚುಕಮ್ಮಿ ಒಂದೇ ಇಂಗ್ಲಿಷು. ಹಾಗಾಗಿ ತಿನ್ನೋದು, ಕುಡಿಯೋದೂ ಒಂದೇ ಥರ ಇರುತ್ತೆ ಅಂದ್ಕೊಳ್ಳೋರೇ ಜಾಸ್ತಿ. ಕೆಲಸದ ಮೇಲೆ ಎರಡು ವರ್ಷ ಲಂಡನ್ನಲ್ಲಿ, ಆಮೇಲೆ ಒಂದೂವರೆ ವರ್ಷ ಟೊರಾಂಟೊದಲ್ಲಿ ಇದ್ದು ಬಂದೆ. ಬರೆಯೋ ಕೋಡ್ ಎರಡೂ ಕಡೆ ಒಂದೇ. ಪ್ಯಾಂಟ್ರಿ ಮಾತ್ರ ಬೇರೆ ಬೇರೆ.

ಲಂಡನ್ ಆಫೀಸಿನಲ್ಲಿ ಟೀಗೆ ಎದ್ದವರು ತಮಗೊಬ್ಬರಿಗೇ ಮಾಡಿಕೊಂಡು ಬರೋ ಹಾಗಿಲ್ಲ. ಅಕ್ಕಪಕ್ಕದವರನ್ನೆಲ್ಲ ಕೇಳಬೇಕು. ಯಾರಿಗೆ ಎಷ್ಟು ಹಾಲು, ಎಷ್ಟು ಸಕ್ಕರೆ ಅನ್ನೋದು ನೆನಪಿರಬೇಕು. ಜೊತೆಗೆ ಅದ್ದಿ ತಿನ್ನೋಕೆ ಡೈಜೆಸ್ಟಿವ್ ಬಿಸ್ಕತ್ತು. ಟೊರಾಂಟೊದಲ್ಲಿ ಈ ಗೋಜಿಲ್ಲ. ಅವರವರ ಕಾಫಿ ಅವರವರ ಕೈಯಲ್ಲೇ ಬರುತ್ತೆ, ಬಹಳಷ್ಟು ಸಲ ಟಿಮ್ ಹಾರ್ಟನ್ಸ್‌ನಿಂದ. ಟಿಮ್ ಹಾರ್ಟನ್ ಅನ್ನೋ ಐಸ್ ಹಾಕಿ ಆಟಗಾರ 1964ರಲ್ಲಿ ಹ್ಯಾಮಿಲ್ಟನ್ ಊರಲ್ಲಿ ಶುರು ಮಾಡಿದ ಅಂಗಡಿ ಅದು. ಅಲ್ಲಿ 'ಡಬಲ್ ಡಬಲ್' ಅಂದ್ರೆ ಎರಡು ಕ್ರೀಮ್, ಎರಡು ಸಕ್ಕರೆ. ಕಾರಿನಿಂದ ಇಳಿಯದೆ ಕಿಟಕಿಯಲ್ಲೇ ತಗೊಂಡು ಹೋಗೋರ ಸಾಲು ಬೆಳಗ್ಗೆ ನೋಡಬೇಕು ನೀವು.

ಇನ್ನು ಚಿಪ್ಸ್. ನಾವು ಚಿಪ್ಸ್ ಅನ್ನೋದಕ್ಕೆ ಬ್ರಿಟನ್ನಲ್ಲಿ ಕ್ರಿಸ್ಪ್ಸ್ ಅಂತಾರೆ. ಅಲ್ಲಿ ಚಿಪ್ಸ್ ಕೇಳಿದ್ರೆ ದಪ್ಪದಪ್ಪ ಕರಿದ ಆಲೂಗಡ್ಡೆ ಬರುತ್ತೆ. ಕೆನಡಾದಲ್ಲಿ ನಮ್ಮ ಥರ ಪ್ಯಾಕೆಟ್ಟಿನದೇ ಚಿಪ್ಸ್. ಕೆಚಪ್ ರುಚಿಯದ್ದು, ಎಲ್ಲ ಮಸಾಲೆ ಸೇರಿಸಿದ 'ಆಲ್ ಡ್ರೆಸ್ಡ್' ಅನ್ನೋದು ಅವರ ಹೆಮ್ಮೆ. ಬ್ರಿಟಿಷರು ಪಬ್ಬಿನಲ್ಲಿ ಕ್ರಿಸ್ಪ್ಸ್ ಪ್ಯಾಕೆಟ್ಟಿನ ಹೊಲಿಗೆ ಪೂರ್ತಿ ಹರಿದು ಮೇಜಿನ ಮಧ್ಯೆ ಹಾಸಿಬಿಡ್ತಾರೆ, ನಾವು ಪೇಪರ್ ಮೇಲೆ ಕಡ್ಲೆಪುರಿ ಸುರಿದ ಹಾಗೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಪ್ರಾನ್ ಕಾಕ್‌ಟೇಲ್ ಅಂತ ಹೆಸರಿರೋ ಎಷ್ಟೋ ಕ್ರಿಸ್ಪ್ಸ್‌ನಲ್ಲಿ ಸೀಗಡಿ ಇರೋದೇ ಇಲ್ಲ. ಆದ್ರೆ ಕೆನಡಾದವರ ಮೆಚ್ಚಿನ 'ಸೀಸರ್' ಇದೆಯಲ್ಲ, 1969ರಲ್ಲಿ ಕ್ಯಾಲ್ಗರಿಯಲ್ಲಿ ಹುಟ್ಟಿದ್ದು, ಅದರಲ್ಲಿ ವೋಡ್ಕಾ, ಟೊಮ್ಯಾಟೊ ಜೊತೆ ಕಪ್ಪೆಚಿಪ್ಪಿನ ರಸ ಇರುತ್ತೆ! ಫ್ರೆಂಚ್ ಫ್ರೈಸ್ ಮೇಲೆ ಚೀಸ್ ಗಟ್ಟಿ, ಬಿಸಿ ಗ್ರೇವಿ ಸುರಿಯೋ ಪೂಟೀನ್ ನೋಡೋಕೆ ಪಾಪದ್ದು. ಗ್ರೇವಿ ಮಾತ್ರ ಸಾಮಾನ್ಯವಾಗಿ ಮಾಂಸದ್ದು. ಕೇಳಿ ತಿನ್ನಿ.

ಕುಡಿಯೋ ವಿಷಯದಲ್ಲಿ ನಿಜವಾದ ವ್ಯತ್ಯಾಸ ಇರೋದು ದುಡ್ಡು ಕೊಡೋ ರೀತಿಯಲ್ಲಿ. ಕೆನಡಾದಲ್ಲಿ ಸಾಮಾನ್ಯವಾಗಿ ಅವರವರ ಬಿಲ್ ಅವರವರದ್ದು. ಬ್ರಿಟಿಷ್ ಪಬ್ಬಿನಲ್ಲಿ 'ರೌಂಡ್'. ಒಬ್ಬರು ಎದ್ದು ಹೋಗಿ ಎಲ್ಲರಿಗೂ ತರ್ತಾರೆ, ಮುಂದಿನ ಸಲ ಇನ್ನೊಬ್ಬರು. ನಮ್ಮ ಮದುವೆಮನೆ ಮುಯ್ಯಿ ಇದ್ದ ಹಾಗೆ. ಯಾರೂ ಬರೆದಿಡಲ್ಲ, ಯಾರೂ ಮರೆಯೋದೂ ಇಲ್ಲ. ಐದು ಜನ ಕೂತರೆ ಐದು ಪಿಂಟ್. ನಿಧಾನಕ್ಕೆ ಕುಡಿಯೋನೂ ಬೇಗ ಕುಡಿಯೋನ ವೇಗಕ್ಕೆ ಓಡಬೇಕು.

ದಾವಣಗೆರೆಯ ನನ್ನ ಗೆಳೆಯನೊಬ್ಬ ಹೀಗೆ ಸಿಕ್ಕಿಹಾಕಿಕೊಂಡ. ಊರಲ್ಲಿ ಮುಟ್ಟದವನು, ಲಂಡನ್ನಿಗೆ ಬಂದು ಪ್ರತಿ ಗುರುವಾರ ಟೀಮಿನ ಜೊತೆ ಪಬ್ಬು. ಬಿಯರ್ ರುಚಿ ಅವನಿಗೆ ಇವತ್ತಿಗೂ ಹಿಡಿಸಿಲ್ಲ. ಆದ್ರೆ ಮುಂದಿನ ಪ್ರಾಜೆಕ್ಟ್ ಯಾರಿಗೆ ಅನ್ನೋ ಮಾತು ಬರ್ತಿದ್ದದ್ದು ಆ ಮೇಜಿನಲ್ಲೇ. ವರ್ಷದ ನಂತರ ರಕ್ತಪರೀಕ್ಷೆಯಲ್ಲಿ ಲಿವರ್ ಕೈಕೊಟ್ಟ ಸೂಚನೆ ಬಂತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, ವಾರಕ್ಕೆ ಎಷ್ಟು ಯೂನಿಟ್?

ಲೆಕ್ಕ ನೋಡಿ. ಪಿಂಟ್ ಅಂದ್ರೆ 568 ಎಂಎಲ್. ಶೇ. 4ರ ಬಿಯರ್ ಆದ್ರೆ ಒಂದಕ್ಕೆ ಸುಮಾರು 2.3 ಯೂನಿಟ್, ಐದಕ್ಕೆ 11 ದಾಟುತ್ತೆ. ಬ್ರಿಟನ್ನಿನ ಸರ್ಕಾರಿ ಸಲಹೆ 2016ರಿಂದ ವಾರಕ್ಕೆ 14 ಯೂನಿಟ್ ಮೀರಬೇಡಿ ಅಂತ. ಕೆನಡಾದಲ್ಲಿ 2023ರಲ್ಲಿ ಬಂದ ಮಾರ್ಗದರ್ಶನ ಇನ್ನೂ ಬಿಗಿ: ವಾರಕ್ಕೆ ಎರಡು ಡ್ರಿಂಕ್ ಒಳಗಿದ್ರೆ ಅಪಾಯ ಕಡಿಮೆ, ಏಳು ಆಯ್ತು ಅಂದ್ರೆ ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಚೆನ್ನಾಗೇ ಏರುತ್ತೆ. ಅಲ್ಲಿ ಒಂದು ಡ್ರಿಂಕ್ ಅಂದ್ರೆ 13.45 ಗ್ರಾಂ ಆಲ್ಕೋಹಾಲ್, ಬ್ರಿಟನ್ನಿನ ಯೂನಿಟ್ಟಿಗೆ 8 ಗ್ರಾಂ. ಅಂದ್ರೆ ನನ್ನ ಗೆಳೆಯನ ಒಂದು ಗುರುವಾರ ಬ್ರಿಟನ್ನಿನ ಅಳತೆಯಲ್ಲಿ ಪಾಸು, ಕೆನಡಾದ ಅಳತೆಯಲ್ಲಿ ಸುಮಾರು ಏಳು ಡ್ರಿಂಕ್!

ಅವನು ಪಬ್ಬಿಗೆ ಹೋಗೋದು ಬಿಡಲಿಲ್ಲ. ಮೊದಲ ರೌಂಡ್ ತಾನೇ ಕೊಡಿಸಿ, ತನಗೆ ಲೈಮ್ ಸೋಡಾ ತಗೊಳ್ಳೋಕೆ ಶುರು ಮಾಡಿದ. ಎರಡು ವಾರ ಕಿಚಾಯಿಸಿದ್ರು, ಮೂರನೇ ವಾರ ಯಾರೂ ಗ್ಲಾಸಿನ ಕಡೆ ನೋಡಲಿಲ್ಲ. ಮುಯ್ಯಿ ತೀರಿದ್ರೆ ಸಾಕು, ನೀವೇನು ಕುಡೀತೀರಿ ಅನ್ನೋದು ಅವರಿಗೆ ಅಷ್ಟು ಮುಖ್ಯ ಅಲ್ಲ. ಆನ್‌ಸೈಟ್ ಹೊರಟಿರೋ ತಮ್ಮತಂಗಿಯರಿಗೆ ಇದನ್ನೇ ಹೇಳೋದು ನಾನು.

ಹಾಗಂತ ಕೆನಡಾನೇ ವಾಸಿ ಅನ್ನೋಕೂ ಆಗಲ್ಲ. ಅಲ್ಲಿ ಯಾರೂ ಕುಡಿ ಅಂತ ಒತ್ತಾಯಿಸಲಿಲ್ಲ ನಿಜ, ಆದ್ರೆ ಬಾ ಕೂತ್ಕೋ ಅಂದವರೂ ಕಡಿಮೆ. ಐದು ಗಂಟೆಗೆ ಎಲ್ಲರೂ ಕಾರು ಹತ್ತಿದ್ರೆ ಮುಗೀತು. ಜನವರಿಯ ಚಳಿಯಲ್ಲಿ ದಿನಗಟ್ಟಲೆ ಮೀಟಿಂಗ್ ಬಿಟ್ಟು ಬೇರೆ ಮಾತೇ ಇರ್ತಿರಲಿಲ್ಲ. ಕೊನೆಗೆ ನಾನೇ ಒಂದು ಕೆಟಲ್ ತಂದು ಪ್ಯಾಂಟ್ರಿಯಲ್ಲಿಟ್ಟೆ. ಊರಿಂದ ಅಮ್ಮ ಕಳಿಸಿದ ಕೋಡುಬಳೆ ಡಬ್ಬಿ ಪಕ್ಕಕ್ಕೆ. ಮೂರೂವರೆಗೆ ಎದ್ದು, ಲಂಡನ್ನಲ್ಲಿ ಕಲಿತ ಹಾಗೆ, ಟೀ ಯಾರಿಗೆ ಬೇಕು ಅಂತ ಕೇಳ್ತಿದ್ದೆ. ಮೊದಲ ವಾರ ಒಬ್ಬರು ಬಂದ್ರು. ತಿಂಗಳ ಕೊನೆಗೆ ಆರು ಜನ, ಡಬ್ಬಿ ಖಾಲಿ.